ಟೊಮೆಟೊ ಮಂಡಿಯ ಚೀಟಿಗೆ ನಂಬರ್ ಕೊಟ್ಟ ಬಗೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟೆ. ಬಾಕ್ಸ್ ಇಳಿಸಿಕೊಳ್ಳುವ ಕಡೆ ಒಬ್ಬ ಹುಡುಗ, ಹರಾಜಿನ ಕಡೆ ಇನ್ನೊಬ್ಬ. ಇಬ್ಬರ ಕೈಯಲ್ಲೂ ಫೋನ್. ಸೀಸನ್‌ನಲ್ಲಿ ಯಾರ್ಡ್ ತುಂಬಿದಾಗ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಸರ್ವರ್ ನಂಬರ್ ಕೊಡಲಿ ಅಂತ ಕೂತರೆ ಹರಾಜು ನಿಲ್ಲುತ್ತದಾ? ಫೋನೇ 1, 2, 3 ಎಣಿಸಲಿ ಅಂದರೆ ಎರಡರಲ್ಲೂ 47 ಹುಟ್ಟುತ್ತದೆ. ಬರೀ ಟೈಮನ್ನೇ ನಂಬರ್ ಮಾಡೋಣ ಅಂದರೆ, ಯಾರೋ ಫೋನಿನ ಗಡಿಯಾರ ಹಿಂದಕ್ಕೆ ತಿರುಗಿಸಿರುತ್ತಾರೆ.

ಹಾಗಾಗಿ ಯುಯುಐಡಿ, ಅಂದರೆ ಸರ್ವರನ್ನು ಕೇಳದೆ ಫೋನೇ ಮಾಡಿಕೊಳ್ಳುವ, ಬೇರೆಲ್ಲೂ ಮತ್ತೆ ಬಾರದಂಥ ಉದ್ದದ ಗುರುತಿನ ನಂಬರ್. ಒಟ್ಟು 128 ಬಿಟ್, ಅಂದರೆ 128 ಸೊನ್ನೆ-ಒಂದುಗಳ ಸಾಲು. ಇದರಲ್ಲಿ ಹಲವು ವರ್ಷನ್ ಇವೆ; ವರ್ಷನ್ 4 ರಲ್ಲಿ 122 ಬಿಟ್ ಪೂರ್ತಿ ರ್‍ಯಾಂಡಮ್. ಎರಡು ಒಂದೇ ಆಗುವ ಸಾಧ್ಯತೆ ಅರ್ಧಕ್ಕೆ ಬರಬೇಕಾದರೆ 27 ರ ಮುಂದೆ 17 ಸೊನ್ನೆ ಹಾಕಿದಷ್ಟು ಐಡಿ ಬೇಕು. ಆದರೆ ಈ ಲೆಕ್ಕ ನಿಲ್ಲುವುದು ರ್‍ಯಾಂಡಮ್ ನಿಜವಾಗಿದ್ದರೆ ಮಾತ್ರ. ಜಾವಾಸ್ಕ್ರಿಪ್ಟ್‌ನ ಮ್ಯಾಥ್ ಡಾಟ್ ರ್‍ಯಾಂಡಮ್ ಇದಕ್ಕೆ ಬೇಡ, ಊಹಿಸಲಾಗದ ನಂಬರ್ ಕೊಡುವ ಕ್ರಿಪ್ಟೋ ಇದೆಯಲ್ವಾ, ಅದನ್ನೇ ಬಳಸಿ.

ನಾನು ಹಿಡಿದದ್ದು ವರ್ಷನ್ 7. 2024 ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9562 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಬಂತು. ಮೊದಲ 48 ಬಿಟ್‌ನಲ್ಲಿ ಮಿಲಿಸೆಕೆಂಡ್ ಟೈಮ್, ಆಮೇಲೆ 74 ಬಿಟ್ ರ್‍ಯಾಂಡಮ್. ಗಡಿಯಾರ ತಪ್ಪಿದರೆ ಸಾಲು ಹಿಂದೆಮುಂದೆ ಆಗುತ್ತದೆ, ಐಡಿ ಮಾತ್ರ ಡಿಕ್ಕಿ ಹೊಡೆಯುವುದಿಲ್ಲ. ಮೈಎಸ್‌ಕ್ಯುಎಲ್‌ನ (ಸರ್ವರ್‌ನ ಡೇಟಾಬೇಸ್) ಇನ್ನೋಡಿಬಿ ಎಂಬ ಭಾಗ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿನ ಗುರುತಿನ, ಕ್ರಮದಲ್ಲೇ ಸಾಲುಗಳನ್ನು ಇಡುತ್ತದೆ. ವರ್ಷನ್ 4 ಆದರೆ ಹೊಸ ಸಾಲು ಎಲ್ಲೆಲ್ಲೋ ನುಗ್ಗುತ್ತದೆ, 7 ಆದರೆ ಹೆಚ್ಚುಕಮ್ಮಿ ಕೊನೆಗೇ ಸೇರುತ್ತದೆ. 36 ಅಕ್ಷರದ ಪಠ್ಯವಾಗಿ ಇಡಬೇಡಿ, 16 ಬೈಟ್ ಸಾಕು.

ಇಷ್ಟೆಲ್ಲಾ ಆದಮೇಲೂ ಅಸಲಿ ಕೆಲಸ ಬೇರೆ ಕಡೆ ಇದೆ: ಐಡಿ ಯಾವಾಗ ಹುಟ್ಟಬೇಕು? ಹುಡುಗ 60 ಬಾಕ್ಸ್ ಅಂತ ಹಾಕಿ ಸೇವ್ ಒತ್ತುತ್ತಾನೆ. ಸರ್ವರ್ ಬರೆದುಕೊಳ್ಳುತ್ತದೆ, ಉತ್ತರ ದಾರಿಯಲ್ಲೇ ಕಳೆದುಹೋಗುತ್ತದೆ. ಫೋನ್ ಮತ್ತೆ ಕಳಿಸುತ್ತದೆ. ಪ್ರತಿ ಸಲ ಹೊಸ ಐಡಿ ಆದರೆ ರೈತನ ಹೆಸರಲ್ಲಿ 120 ಬಾಕ್ಸ್! ಅದಕ್ಕೇ ಫಾರಂ ತೆರೆದಾಗಲೇ ಐಡಿ ಮಾಡಿ ಫೋನಿನಲ್ಲಿ ಬರೆದಿಡುತ್ತೇನೆ. ಎಷ್ಟು ಸಲ ಕಳಿಸಿದರೂ ಅದೇ ಹೋಗುತ್ತದೆ. ಸರ್ವರ್‌ನಲ್ಲಿ ಯುನಿಕ್ ಕಟ್ಟು ಇದೆ, ಅಂದರೆ ಒಂದೇ ಐಡಿ ಎರಡು ಸಲ ಸೇರದು. ಎರಡನೇ ಸಲ ಬಂದರೆ ಎರರ್ ಕೊಡದೆ, ಸುಮ್ನೆ 'ಸಿಕ್ಕಿದೆ' ಅನ್ನುತ್ತದೆ.

ಚೀಟಿಗೆ ಮಾತ್ರ ಬೇರೆ ನಂಬರ್. ಗಲಾಟೆಯಲ್ಲಿ 36 ಅಕ್ಷರ ಯಾರು ಓದಿ ಹೇಳುತ್ತಾರೆ? ಫೋನಿಗೊಂದು ಅಕ್ಷರ, ಜೊತೆಗೆ ಆ ದಿನದ ಎಣಿಕೆ: ಮ-47. ಅಕ್ಷರ ಕೊಡುವುದು ಸರ್ವರ್. ಆ್ಯಪ್ ಅಳಿಸಿ ಮತ್ತೆ ಹಾಕಿದರೆ ಎಣಿಕೆ 1 ರಿಂದ ಶುರುವಾಗುತ್ತದೆ, ಆಗ ಹೊಸ ಅಕ್ಷರ ಕೊಡುತ್ತದೆ. ಕ ಮತ್ತು ಗ ಎರಡನ್ನೂ ಇಟ್ಟಿಲ್ಲ, ಕೂಗಿದರೆ ಒಂದೇ ಥರ ಕೇಳಿಸುತ್ತವೆ.