ಜಾತಿ ಒಂದೇ, ತಳಿ ಬೇರೆ: ರೋಗಾಣುವಿನ ಗುರುತು ಹಿಡಿಯುವುದು ಹೇಗೆ?

2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ರಕ್ತಭೇದಿ ಹಬ್ಬಿತು. ಹಲವರ ಮೂತ್ರಪಿಂಡಗಳೇ ಕೈಕೊಟ್ಟವು. ಆಗ ಸ್ಪೇನಿನಿಂದ ಬಂದ ಸೌತೆಕಾಯಿಯ ಮೇಲೆ ಇ. ಕೊಲಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಅಧಿಕಾರಿಗಳು ಅದರತ್ತ ಬೆರಳು ತೋರಿಸಿದರು. ಕೆಲವೇ ದಿನಗಳಲ್ಲಿ ತಳಿ ಪರೀಕ್ಷೆಯ ಫಲಿತಾಂಶ ಬಂತು. ಸೌತೆಕಾಯಿಯಲ್ಲಿದ್ದದ್ದೂ ಇ. ಕೊಲಿ, ರೋಗಿಗಳಲ್ಲಿದ್ದದ್ದೂ ಇ. ಕೊಲಿ, ಆದರೆ ತಳಿ ಬೇರೆ. ರೋಗಿಗಳಲ್ಲಿದ್ದದ್ದು ಓ104:ಎಚ್4 ಎಂಬ ತಳಿ. ಅಷ್ಟರಲ್ಲಾಗಲೇ ಸ್ಪೇನಿನ ರೈತರ ತರಕಾರಿಯನ್ನು ಕೇಳುವವರಿಲ್ಲದಂತಾಗಿತ್ತು.

ಬ್ಯಾಕ್ಟೀರಿಯಾದ ಜಾತಿ ತಿಳಿದರೆ ಸಾಲದು, ತಳಿಯನ್ನೂ ತಿಳಿಯಬೇಕು ಎನ್ನುವುದು ಇದಕ್ಕೇ. ಡಿಎನ್‌ಎ ನೋಡಿ ತಳಿ ಗುರುತಿಸುವ ಈ ಕೆಲಸಕ್ಕೆ ಆಣ್ವಿಕ ಟೈಪಿಂಗ್ ಎನ್ನುತ್ತಾರೆ. ಅದು ನಡೆಯುವ ಬಗೆ ಹೀಗಿದೆ.

ಮೊದಲು ಪ್ರಶ್ನೆ, ಆಮೇಲೆ ಪರೀಕ್ಷೆ

ಒಂದೇ ವಾರ್ಡಿನ ನಾಲ್ವರಿಗೆ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟಿತೇ ಎಂಬುದು ಒಂದು ಪ್ರಶ್ನೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಯಾವ ತಳಿ ಯಾವ ಖಂಡಕ್ಕೆ ಹರಡಿತು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಅತಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ವಿಧಾನ ಬೇಕು. ಎರಡನೆಯದಕ್ಕೆ ನಿಧಾನವಾಗಿ ಬದಲಾಗುವ ಗುರುತುಗಳು ಬೇಕು. ಇದನ್ನು ತೀರ್ಮಾನಿಸದೆ ಶುರು ಮಾಡಿದರೆ ಹಣವೂ ದಂಡ, ಮಾದರಿಯೂ ದಂಡ.

ಶುದ್ಧ ಕಲ್ಚರ್

ಮಾದರಿಯನ್ನು ಪ್ಲೇಟಿನ ಮೇಲೆ ಗೀರೆಳೆದು ಬೆಳೆಸಿ, ಬಿಡಿಯಾಗಿ ನಿಂತ ಒಂದೇ ಒಂದು ಕಾಲನಿಯನ್ನು (ಒಂದೆಡೆ ಬೆಳೆದು ನಿಂತ ಬ್ಯಾಕ್ಟೀರಿಯಾಗಳ ಚುಕ್ಕೆಯನ್ನು) ಎತ್ತಿಕೊಂಡು ಮತ್ತೊಂದು ಪ್ಲೇಟಿನಲ್ಲಿ ಬೆಳೆಸಬೇಕು. ಎರಡು ತಳಿ ಬೆರೆತುಹೋದರೆ ಮುಂದೆ ಎಷ್ಟೇ ದುಬಾರಿ ಯಂತ್ರ ಬಳಸಿದರೂ ಉತ್ತರ ಸುಳ್ಳೇ. ಜಾತಿ ಯಾವುದೆಂಬುದನ್ನೂ ಇಲ್ಲೇ ಖಚಿತಪಡಿಸಿಕೊಳ್ಳಬೇಕು.

ಪಟ್ಟೆಗಳ ಗುರುತು: ಪಿಎಫ್‌ಜಿಇ

ಪಲ್ಸ್ಡ್ ಫೀಲ್ಡ್ ಜೆಲ್ ಎಲೆಕ್ಟ್ರೋಫೊರೆಸಿಸ್ ಎಂಬ ಈ ವಿಧಾನ ದಶಕಗಳ ಕಾಲ ಎಲ್ಲಕ್ಕೂ ಒರೆಗಲ್ಲಾಗಿತ್ತು. ಇದರಲ್ಲಿ ಡಿಎನ್‌ಎ ಉದ್ದಕ್ಕೆ ಉಳಿಯಬೇಕು, ಪಿಪೆಟ್ಟಿನಲ್ಲಿ ಎಳೆದರೂ ಸಾಕು ಅದು ತುಂಡಾಗುತ್ತದೆ. ಆದ್ದರಿಂದ ಇಡೀ ಬ್ಯಾಕ್ಟೀರಿಯಾವನ್ನೇ ಕರಗಿದ ಅಗರೋಸಿನಲ್ಲಿ ಕಲಸಿ ಅಚ್ಚಿಗೆ ಹುಯ್ಯುತ್ತಾರೆ. ಆರಿದಾಗ ಬೆರಳಿನ ಉಗುರಿನಷ್ಟು ಜೆಲ್ಲಿ ಬಿಲ್ಲೆ ಸಿಗುತ್ತದೆ. ಕೋಶ ಒಡೆಯುವುದು, ಪ್ರೋಟೀನ್ ಕರಗಿಸುವುದು, ತೊಳೆಯುವುದು ಎಲ್ಲವೂ ಆ ಬಿಲ್ಲೆಯೊಳಗೇ. ತೊಳೆಯುವಾಗ ಅವಸರ ಮಾಡಬಾರದು. ಪ್ರೋಟೀನ್ ಕರಗಿಸಲು ಹಾಕಿದ ಕಿಣ್ವ ಒಂದಿಷ್ಟು ಉಳಿದುಬಿಟ್ಟರೂ ಮುಂದೆ ಡಿಎನ್‌ಎ ಕತ್ತರಿಸಬೇಕಾದ ಕಿಣ್ವವನ್ನೇ ಅದು ತಿಂದುಹಾಕುತ್ತದೆ. ಆಗ ಜೆಲ್ಲಿನಲ್ಲಿ ಸ್ಪಷ್ಟ ಪಟ್ಟೆಗಳ ಬದಲು ಮಸುಕು ಬಳಿದಂತೆ ಕಾಣುತ್ತದೆ.

ಡಿಎನ್‌ಎಯನ್ನು ಅಪರೂಪಕ್ಕೆ ಎಲ್ಲೋ ಕೆಲವೆಡೆ ಮಾತ್ರ ಕತ್ತರಿಸುವ ಕಿಣ್ವ ಹಾಕಿದರೆ ಕೆಲವೇ ದೊಡ್ಡ ತುಂಡುಗಳಾಗುತ್ತವೆ. ಒಂದೇ ದಿಕ್ಕಿನ ವಿದ್ಯುತ್ತಿನಲ್ಲಿ ಅಷ್ಟು ದೊಡ್ಡ ತುಂಡುಗಳು ಬೇರ್ಪಡದೆ ಒಟ್ಟೊಟ್ಟಿಗೇ ಸಾಗುತ್ತವೆ. ವಿದ್ಯುತ್ತಿನ ದಿಕ್ಕನ್ನು ಆಗಾಗ ಬದಲಿಸುತ್ತಿದ್ದರೆ ಪ್ರತಿ ಸಲವೂ ತುಂಡುಗಳು ತಿರುಗಬೇಕು. ಉದ್ದನೆಯವು ತಿರುಗಲು ಹೆಚ್ಚು ಹೊತ್ತು ತೆಗೆದುಕೊಂಡು ಹಿಂದೆ ಬೀಳುತ್ತವೆ. ರಾತ್ರಿಯಿಡೀ ಓಡಿಸಿದ ಜೆಲ್ಲನ್ನು ಬಣ್ಣ ಹಾಕಿ ನೋಡಿದಾಗ ಒಂದೊಂದು ತಳಿಗೂ ತನ್ನದೇ ಪಟ್ಟೆಗಳ ಸಾಲು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 1996ರಲ್ಲಿ ಕಟ್ಟಿದ ಪಲ್ಸ್‌ನೆಟ್ ಜಾಲ ದೂರದೂರದ ಪ್ರಯೋಗಾಲಯಗಳ ಈ ಪಟ್ಟೆಗಳನ್ನೇ ಹೋಲಿಸಿ ಆಹಾರದಿಂದ ಹಬ್ಬಿದ ರೋಗಗಳನ್ನು ಪತ್ತೆ ಹಚ್ಚಿತು.

ಏಳು ಜೀನುಗಳ ಸಂಖ್ಯೆ: ಎಂಎಲ್‌ಎಸ್‌ಟಿ

ಪಟ್ಟೆಗಳನ್ನು ಕಣ್ಣಳತೆಯಲ್ಲಿ ಹೋಲಿಸುವಾಗ ಭಿನ್ನಾಭಿಪ್ರಾಯ ಬರುತ್ತದೆ. 1998ರಲ್ಲಿ ಮೆನಿಂಜೈಟಿಸ್ ಬ್ಯಾಕ್ಟೀರಿಯಾದ ಮೇಲೆ ಮೊದಲಿಗೆ ತೋರಿಸಿದ ಎಂಎಲ್‌ಎಸ್‌ಟಿ (ಮಲ್ಟಿಲೋಕಸ್ ಸೀಕ್ವೆನ್ಸ್ ಟೈಪಿಂಗ್) ವಿಧಾನದಲ್ಲಿ ಆ ತೊಂದರೆ ಇಲ್ಲ. ಕೋಶದ ದಿನನಿತ್ಯದ ಕೆಲಸ ನಡೆಸುವ ಜೀನುಗಳಲ್ಲಿ ಸಾಮಾನ್ಯವಾಗಿ ಏಳನ್ನು ಆರಿಸಿ, ಒಂದೊಂದರಲ್ಲೂ ಡಿಎನ್‌ಎಯ ಸುಮಾರು 450ರಿಂದ 500 ಅಕ್ಷರ (ಎ, ಟಿ, ಜಿ, ಸಿ ಎಂಬ ಘಟಕಗಳು) ಓದುತ್ತಾರೆ. ಪ್ರತಿ ರೂಪಕ್ಕೆ ಒಂದು ಸಂಖ್ಯೆ, ಏಳೂ ಸೇರಿ ತಳಿಗೊಂದು ಎಸ್‌ಟಿ (ಸೀಕ್ವೆನ್ಸ್ ಟೈಪ್) ಸಂಖ್ಯೆ. ಔಷಧಗಳಿಗೆ ಬಗ್ಗದ ಇ. ಕೊಲಿಯ ಎಸ್‌ಟಿ131 ಎಲ್ಲಿ ಪರೀಕ್ಷಿಸಿದರೂ ಎಸ್‌ಟಿ131. ಆದರೆ ಈ ಜೀನುಗಳು ಬದಲಾಗುವುದು ಬಹಳ ನಿಧಾನ. ಸಂಖ್ಯೆ ಒಂದೇ ಬಂತೆಂದು ಸೋಂಕು ಹೋದ ವಾರ ದಾಟಿತು ಎನ್ನಲಾಗದು.

ಕೆಲವು ರೋಗಾಣುಗಳಿಗೆ ಅವುಗಳದ್ದೇ ವಿಧಾನಗಳಿವೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ 43 ಗುರುತುಗಳನ್ನು ನೋಡುವ ಸ್ಪೋಲಿಗೋಟೈಪಿಂಗ್, ಚರ್ಮದ ಸೋಂಕು ತರುವ ಸ್ಟೆಫೈಲೊಕಾಕಸ್ ಆರಿಯಸ್‌ಗೆ ಸ್ಪಾ ಎಂಬ ಒಂದೇ ಜೀನನ್ನು ನೋಡುವ ಸ್ಪಾ ಟೈಪಿಂಗ್.

ಇಡೀ ಜೀನೋಮ್ ಓದುವುದು

ಈಗ ಸಾಧ್ಯವಾದಲ್ಲೆಲ್ಲ ಇದನ್ನೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಪಲ್ಸ್‌ನೆಟ್ ಕೂಡ 2019ರಲ್ಲಿ ಇದಕ್ಕೇ ಬದಲಾಯಿತು. ಇ. ಕೊಲಿಯ ಜೀನೋಮಿನಲ್ಲಿ, ಅಂದರೆ ಅದರ ಒಟ್ಟು ಡಿಎನ್‌ಎಯಲ್ಲಿ, ಸುಮಾರು 50 ಲಕ್ಷ ಅಕ್ಷರಗಳಿವೆ. ಡಿಎನ್‌ಎಯನ್ನು ಚೂರು ಮಾಡಿ, ಪ್ರತಿ ಜಾಗವನ್ನೂ ಹತ್ತಾರು ಸಲ ಓದಿ, ಎರಡು ಮಾದರಿಗಳ ನಡುವೆ ಎಷ್ಟು ಅಕ್ಷರ ಬೇರೆ ಎಂದು ಎಣಿಸುತ್ತಾರೆ.

ಎಷ್ಟು ವ್ಯತ್ಯಾಸವಿದ್ದರೆ ಸಂಬಂಧಿಕರು? ಅದು ರೋಗಾಣುವಿನ ಮೇಲೆ ನಿಂತಿದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಸರಾಸರಿ ಎರಡು ವರ್ಷಕ್ಕೆ ಒಂದು ಅಕ್ಷರ ಬದಲಾಗುತ್ತದೆ. ಹಾಗಾಗಿ ಐದು ಅಥವಾ ಅದಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಸೋಂಕು ಈಚೆಗೆ ದಾಟಿರಬಹುದು, ಹನ್ನೆರಡಕ್ಕಿಂತ ಹೆಚ್ಚಿದ್ದರೆ ಆ ಸಾಧ್ಯತೆ ತೀರ ಕಡಿಮೆ ಎಂದು ಲೆಕ್ಕ ಹಾಕುತ್ತಾರೆ. ಇದೇ ಅಳತೆಯನ್ನು ಆಹಾರದಿಂದ ಹಬ್ಬುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಿಡಿಯುವಂತಿಲ್ಲ.

ಫಲಿತಾಂಶವನ್ನು ಜನರ ಮಾತಿನ ಪಕ್ಕ ಇಟ್ಟು ನೋಡುವುದು

ತಳಿ ಬೇರೆ ಎಂದಾದರೆ ಆ ಮೂಲವನ್ನು ಬಹುಮಟ್ಟಿಗೆ ಕೈಬಿಡಬಹುದು. ಒಂದೇ ಎಂದಾದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಕೆಲವು ತಳಿಗಳು ಎಲ್ಲೆಡೆಯೂ ಸಿಗುತ್ತವೆ. ಯಾರು, ಎಂದು, ಏನು ತಿಂದರು ಎಂದು ಕೇಳಲೇಬೇಕು.

ಜರ್ಮನಿಯಲ್ಲಿ ಆದದ್ದೂ ಅದೇ. ತಿಂದದ್ದರಲ್ಲಿ ಮೊಳಕೆ ಕಾಳು ಇತ್ತೆಂಬುದು ಎಷ್ಟೋ ರೋಗಿಗಳಿಗೆ ನೆನಪೇ ಇರಲಿಲ್ಲ. ತನಿಖೆ ಮಾಡುವವರು ಹೋಟೆಲಿನ ಅಡುಗೆಯವರ ಬಳಿಗೆ ಹೋಗಿ, ಗುಂಪಾಗಿ ಬಂದು ಊಟ ಮಾಡಿದವರು ಯಾವ ತಿನಿಸು ತರಿಸಿಕೊಂಡಿದ್ದರು, ಪ್ರತಿ ತಟ್ಟೆಗೆ ಏನೇನು ಬಿದ್ದಿತ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕಾಯಿಲೆ ಬಿದ್ದವರ ತಟ್ಟೆಗಳಲ್ಲಿ ಮೊಳಕೆ ಕಾಳು ಇತ್ತು.