2 ಕೆವಿ ಎಂಎಲ್‌ಸಿಸಿಗೆ ಫ್ಲೋಟಿಂಗ್ ಎಲೆಕ್ಟ್ರೋಡ್: ನನ್ನ ಅನುಭವ

ನಮ್ಮ 2 ಕೆವಿ ಎಂಎಲ್‌ಸಿಸಿಗೆ (ಸೆರಾಮಿಕ್ ಮತ್ತು ಲೋಹದ ಪದರ ಒಂದರ ಮೇಲೊಂದು ಇಟ್ಟು ಸುಟ್ಟ ಕೆಪಾಸಿಟರ್) ಫ್ಲೋಟಿಂಗ್ ಎಲೆಕ್ಟ್ರೋಡ್, ಅಂದ್ರೆ ಯಾವ ತುದಿಗೂ ಸೇರದ ಲೋಹದ ಪ್ಲೇಟ್, ಹಾಕ್ತೀನಿ ಅಂದಾಗ ನಮ್ ಯೂನಿಟ್‌ನಲ್ಲಿ ಎಲ್ರದ್ದೂ ಒಂದೇ ಮಾತು, ಒಳಗೇ ಎರಡು ಕೆಪಾಸಿಟರ್ ಸೀರೀಸ್ ಆದ್ರೆ ವ್ಯಾಲ್ಯೂ ಕಾಲು ಭಾಗಕ್ಕೆ ಇಳಿಯುತ್ತೆ, 1812 ಸೈಜಲ್ಲಿ (ಸುಮಾರು 4.5 × 3.2 ಮಿಲಿಮೀಟರ್) 10 ನ್ಯಾನೋಫ್ಯಾರಡ್ ಎಲ್ಲಿಂದ ತರ್ತೀಯ ಅಂತ. ಲೆಕ್ಕ ಸರಿ, ಆದ್ರೆ ಅರ್ಧ ಲೆಕ್ಕ. ಒಂದೊಂದು ಭಾಗಕ್ಕೆ ಬೀಳೋದು 1 ಕೆವಿ, ಹಾಗಾಗಿ ಸೆರಾಮಿಕ್ ಲೇಯರ್ ದಪ್ಪ 100 ಮೈಕ್ರಾನ್ ಬದಲು 50 ಸಾಕು, ಆಗ ಲೇಯರಿಗೆ ಕೆಪಾಸಿಟೆನ್ಸ್ ಡಬಲ್, ಅದೇ ಎತ್ತರಕ್ಕೆ ಲೇಯರ್ರೂ ಡಬಲ್, ಹೋಗಿದ್ದೆಲ್ಲ ಹೆಚ್ಚುಕಮ್ಮಿ ವಾಪಸ್ ಬಂತಲ್ಲ.

ಫ್ಲೋಟಿಂಗ್ ಇಲ್ಲದ ಹಳೇ ಡಿಸೈನ್ ಟೆಸ್ಟಲ್ಲಿ 3 ಕೆವಿ ದಾಟೋಕೇ ಒದ್ದಾಡ್ತಿತ್ತು, ಅಡ್ಡ ಕೊಯ್ದು ನೋಡಿದ್ರೆ ಹೆಚ್ಚಿನವು ಎಲೆಕ್ಟ್ರೋಡ್ ಮೂಲೇಲೇ ಸುಟ್ಟಿರೋವು. ಮೂಲೆ ರೌಂಡ್ ಮಾಡಿದ್ರೂ ಸ್ವಲ್ಪವೇ ಸುಧಾರಿಸ್ತು.

ಹೊಸದ್ರಲ್ಲಿ ಮೊದಲ ಬ್ಯಾಚ್‌ಗಳೆಲ್ಲ ಡಿಲ್ಯಾಮಿನೇಶನ್, ಲೇಯರ್ರುಗಳು ಬಿಟ್ಕೊಂಡವು. 70/30 ಸಿಲ್ವರ್-ಪಲ್ಲಾಡಿಯಂ ಎಲೆಕ್ಟ್ರೋಡ್ ಪೇಸ್ಟ್ ನಮ್ದು, ಬಿಸಿ ಏರುವಾಗ ಪಲ್ಲಾಡಿಯಂ ಆಕ್ಸೈಡ್ ಆಗಿ ಉಬ್ಬುತ್ತೆ, ಎಲೆಕ್ಟ್ರೋಡ್ ಎರಡು ಪಟ್ಟಾದ ಮೇಲೆ ಆ ಉಬ್ಬೂ ಎರಡು ಪಟ್ಟು. ಪೇಸ್ಟಿಗೆ ಟೇಪಿನ (ಸುಡೋ ಮುಂಚಿನ ಸೆರಾಮಿಕ್ ಹಾಳೆ) ಪೌಡರನ್ನೇ ಸುಮಾರು 10% ಬೆರೆಸಿದೆ, 300ರಿಂದ 800 ಡಿಗ್ರಿ ನಡುವೆ ಫರ್ನೇಸ್ ರ‍್ಯಾಂಪ್ ಬದಲಾಯಿಸಿದೆ. ನಿಮಿಷಕ್ಕೆ ಎಷ್ಟು ಡಿಗ್ರಿ ಅಂತ ಮಾತ್ರ ಕೇಳ್ಬೇಡಿ, ಅದು ನನ್ನ ಹತ್ರಾನೇ ಇರ್ಲಿ.

ದುಡ್ಡೇ ದೊಡ್ಡ ತಲೆನೋವು. ಪೇಸ್ಟ್ ಖರ್ಚೂ ಡಬಲ್, ಟ್ರಯಲ್‌ಗೇ ಎರಡು ಲಕ್ಷದ ಹತ್ರ ಹೋಯ್ತು. ತೆಳುವಾಗಿ ಪ್ರಿಂಟ್ ಮಾಡಿ ಉಳಿಸೋಣ ಅಂತ ಹೋದ್ರೆ ಫೈರಿಂಗ್ ಆದ್ಮೇಲೆ ಲೋಹ ಅಲ್ಲಲ್ಲಿ ಹರಿದು ದ್ವೀಪಗಳ ಥರ ನಿಲ್ತು, ವ್ಯಾಲ್ಯೂ ಬಿತ್ತು. ಕೊನೆಗೆ 2 ಮೈಕ್ರಾನ್ ಆಸುಪಾಸಲ್ಲಿ ನಿಲ್ಲಿಸಿದೆ.

ಮಧ್ಯೆ ನಿಕ್ಕಲ್ ಪೇಸ್ಟೂ ನೋಡಿದೆ, ಅಗ್ಗ ಅಂತ. ನಮ್ಮ ಟೇಪ್ ಗಾಳಿಯಲ್ಲಿ ಫೈರ್ ಮಾಡೋ ಫಾರ್ಮುಲಾ, ನಿಕ್ಕಲ್ ಗಾಳಿಯಲ್ಲಿ ಆಕ್ಸೈಡ್ ಆಗುತ್ತೆ ಅಂತ ಹೈಡ್ರೋಜನ್ ಬೆರೆತ ನೈಟ್ರೋಜನ್‌ನಲ್ಲಿ ಹಾಕಿದ್ರೆ ಕಪ್ಪಾಗಿ ಐಆರ್ (ಇನ್ಸುಲೇಶನ್ ರೆಸಿಸ್ಟೆನ್ಸ್) ಪೂರ್ತಿ ನೆಲ ಕಚ್ತು. ಅದಕ್ಕೆ ಮ್ಯಾಂಗನೀಸ್ ಥರದ್ದು ಸ್ವಲ್ಪ ಬೆರೆಸೋ ಡೋಪಿಂಗ್ ಬೇಕು, ಆಮೇಲೆ ಮತ್ತೆ ಆಕ್ಸಿಜನ್ ಕೊಡೋ ರೀ-ಆಕ್ಸಿಡೇಶನ್ ಬೇಕು, ಅದೇ ಬೇರೆ ಪ್ರಾಜೆಕ್ಟು.

ಇದನ್ನ ಮಾಡೋರು ರಿಜಿಸ್ಟ್ರೇಶನ್ (ಲೇಯರ್ ಮೇಲೆ ಲೇಯರ್ ಸರಿಯಾಗಿ ಕೂರಿಸೋದು) ಬಿಡಬೇಡಿ. ಫ್ಲೋಟಿಂಗ್ ಪ್ಲೇಟ್ ಉದ್ದಕ್ಕೆ ಸರಿದ್ರೆ ಒಂದು ಕಡೆ ಓವರ್‌ಲ್ಯಾಪ್ ಕಮ್ಮಿ ಆಗುತ್ತೆ, ಕಮ್ಮಿ ಇರೋ ಕಡೇನೇ ಜಾಸ್ತಿ ವೋಲ್ಟ್ ತಿನ್ನುತ್ತೆ. ಎರಡು ತುದಿಯಿಂದ ಬರೋ ಎದುರುಬದುರು ಎಲೆಕ್ಟ್ರೋಡ್‌ಗಳ ನಡುವಿನ ಗ್ಯಾಪಿಗೆ ಪೂರ್ತಿ 2 ಕೆವಿ ಬರುತ್ತೆ, ಅಲ್ಲಿ ಅರ್ಧ ಮಿಲಿಮೀಟರ್ ಬಿಟ್ಟಿದೀನಿ.

ಈಗ ಎಂಟೂವರೆ ನ್ಯಾನೋ ಸಿಗ್ತಿದೆ, ಎಣ್ಣೇಲಿ ಮುಳುಗಿಸಿ ಟೆಸ್ಟ್ ಮಾಡಿದ್ರೆ ಹೆಚ್ಚಿನವು 5 ಕೆವಿ ತಡೀತವೆ. ಬೋರ್ಡ್ ಬಗ್ಗಿಸಿ ಬೇಕಂತಲೇ ಕ್ರ್ಯಾಕ್ ಮಾಡಿಸ್ದೆ, ಒಂದು ತುದಿ ಹೋದ್ರೂ ಇನ್ನೊಂದು ಭಾಗ ಹಿಡ್ಕೊಂಡಿತ್ತು, ಶಾರ್ಟ್ ಆಗ್ಲಿಲ್ಲ. ಕಾಲು ಭಾಗ ಅಂದವರೇ ಈಗ 3 ಕೆವಿಗೆ ಮೂರು ಭಾಗದ್ದು ಮಾಡು ಅಂತಿದಾರೆ, ಪ್ರಿಂಟಿಂಗ್ ಸ್ಕ್ರೀನ್ ಆರ್ಡರ್ ಕೊಟ್ಟಾಯ್ತು.