ಅವ್ವನೇ ಗೈಡು: ಜಾನಪದ ಲೋಕದಲ್ಲಿ ನಮ್ಮ ಒಂದು ದಿನ

ಹಳ್ಳಿ ಬದುಕಿನ ವಸ್ತುಸಂಗ್ರಹಾಲಯ ಜಾನಪದ ಲೋಕಕ್ಕೆ ಮೊದಲ ಸಲ ಹೋದಾಗ ಗೇಟು ಹಾಕಿತ್ತು. ದಸರಾ ರಜೆಯಲ್ಲಿ ನನಗೆ ಬಿಡುವು ಸಿಕ್ಕಿದ್ದು ಒಂದು ಮಂಗಳವಾರ. ಅಲ್ಲಿನ ವಾರದ ರಜೆಯೂ ಮಂಗಳವಾರವೇ ಅಂತ ಯಾರಾದರೂ ಮೊದಲೇ ನೋಡಿಕೊಂಡಿರಬೇಕಿತ್ತು. ಆ ‘ಯಾರಾದರೂ’ ನಾನೇ. ಮದ್ದೂರಿನ ತನಕ ಹೋಗಿ ವಡೆ ತಿಂದು ವಾಪಸ್ಸು ಬಂದೆವು. ಎರಡನೇ ಸಲ ಒಳಗೆ ಹೋದೆವು, ಒಂದೂಕಾಲು ಗಂಟೆಯಲ್ಲಿ ಎಲ್ಲ ಕಟ್ಟಡಗಳನ್ನೂ ಸುತ್ತಿ ಮುಗಿಸಿದೆವು. ಕಾರು ಹತ್ತುವಾಗ ಏಳು ವರ್ಷದ ಮಗ ಕೇಳಿದ್ದು ಒಂದೇ ಮಾತು: “ಅಪ್ಪಾ, ಇವೆಲ್ಲ ಯಾರದ್ದು ಹಳೇ ಸಾಮಾನು?”

ಪ್ರಶ್ನೆ ಸರಿಯಾಗೇ ಇತ್ತು. ನಾನೂ ಹೆಸರಿನ ಚೀಟಿ ಓದಿ ಹೇಳಿದ್ದೆ ಅಷ್ಟೇ. ಹೊಲದ ಸಾಮಾನುಗಳಿಗೆ ಕೂರಿಗೆ, ಕುಂಟೆ, ಹಲುಬೆ ಅಂತ. ಕೂರಿಗೆಗೂ ಕುಂಟೆಗೂ ಏನು ವ್ಯತ್ಯಾಸ ಅಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

ಹಾಗಾಗಿ ಮೂರನೇ ಸಲ ಊರಿಂದ ಅವ್ವನನ್ನು ಕರೆಸಿದೆ. ನಾಗಮಂಗಲದ ಕಡೆಯವಳು, ಎಪ್ಪತ್ತು ದಾಟಿದೆ, ಮಂಡಿನೋವು. “ಒನಕೆ ನೋಡಕ್ಕೆ ದುಡ್ಡು ಕೊಟ್ಟು ಹೋಗ್ಬೇಕೇನ್ಲಾ?” ಅಂತ ಎರಡು ದಿನ ಹಟ ಮಾಡಿದಳು. ಜಾನಪದ ಲೋಕ ಕಟ್ಟಿಸಿದ ಎಚ್.ಎಲ್. ನಾಗೇಗೌಡರು ನಿಮ್ಮ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು ಅಂದ ಮೇಲೆ ಸೀರೆ ಮಡಚಿಟ್ಟುಕೊಂಡಳು. ಐಎಎಸ್ ಅಧಿಕಾರಿಯಾಗಿದ್ದವರು ಹಳ್ಳಿಯ ಪದ, ಕಥೆ, ಪಾತ್ರೆ, ನೇಗಿಲು ಕೂಡಿಡುವುದಕ್ಕೆ ನಿಂತರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹತ್ತಿರ 15 ಎಕರೆಯಲ್ಲಿ ಈ ಲೋಕವನ್ನು ತೆರೆದರು.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ 50 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬಿಡದಿ ದಾಟಿದ ಮೇಲೆ ಹೊಸ ಬೈಪಾಸ್ ಹತ್ತಿದರೆ ರಾಮನಗರವೂ ಚನ್ನಪಟ್ಟಣವೂ ಪಕ್ಕಕ್ಕೆ ಉಳಿದುಬಿಡುತ್ತವೆ. ಹಳೇ ಮೈಸೂರು ರಸ್ತೆಯಲ್ಲೇ ಹೋಗಬೇಕು. ನಾವು ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದೆವು. ಮಂಡಿನೋವಿನವರು ಜೊತೆಗಿದ್ದರೆ ಬಿಸಿಲು ಏರುವ ಮುಂಚಿನ ಎರಡು ಗಂಟೆಯೇ ನಿಮ್ಮ ದಿನ.

ಈ ಸಲ ಎಲ್ಲ ನೋಡುವ ಆಸೆಯನ್ನೇ ಬಿಟ್ಟೆ. ಲೋಕಮಹಲ್‌ನ ತೊಗಲುಗೊಂಬೆ, ಯಕ್ಷಗಾನದ ವೇಷ ಎಲ್ಲ ಇನ್ನೊಂದು ಸಲಕ್ಕೆ. ಅಡುಗೆಮನೆ, ಬೇಸಾಯದ ಸಾಮಾನಿರುವ ಲೋಕಮಾತಾ ಮಂದಿರ, ಆಮೇಲೆ ಊರಿನ ಕಸುಬಿನವರ ಸಾಮಾನಿರುವ ಆಯಗಾರರ ಮಾಳ. ಎರಡೇ. ಮಕ್ಕಳಿಬ್ಬರಿಗೂ ಒಂದೊಂದು ನೋಟುಬುಕ್ಕು, ಪೆನ್ಸಿಲ್ಲು. ಐದು ವಸ್ತು ಆರಿಸಿ ಚಿತ್ರ ಬರೆಯಬೇಕು, ಪಕ್ಕದಲ್ಲಿ ಅಜ್ಜಿ ಹೇಳಿದ್ದನ್ನು ಬರೆಯಬೇಕು, ಚೀಟಿಯಲ್ಲಿರುವುದನ್ನಲ್ಲ. ನನ್ನ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಹೆಂಡತಿಗೆ ಇದು ಬಹಳ ಇಷ್ಟವಾಯಿತು.

ಬೀಸುಕಲ್ಲಿನ ಮುಂದೆ ಮಗಳು “ಅಜ್ಜಿ, ಬೀಸ್ತಾ ಹಾಡು ಹೇಳ್ತಿದ್ರಂತೆ, ಎಷ್ಟು ಚೆಂದ ಅಲ್ವಾ?” ಅಂದಳು. ಶಾಲೆಯಲ್ಲಿ ಹೇಳಿಕೊಟ್ಟಿದ್ದರೇನೋ. ಅವ್ವ ಅವಳನ್ನೇ ನೋಡಿದಳು. “ಚೆಂದ ಏನ್ ಬಂತವ್ವ? ಕೋಳಿ ಕೂಗೋಕ್ ಮುಂಚೆ ಎದ್ದು ಹನ್ನೆರಡು ಜನದ ಹಿಟ್ಟಿಗೆ ರಾಗಿ ಬೀಸ್ಬೇಕು. ಪದ ಹೇಳ್ದಿದ್ರೆ ನಿದ್ದೆ ಬಂದು ಕಲ್ಲಿನ್ ಮೇಲೇ ಬೀಳ್ತಿದ್ವಿ. ನಮ್ಮೂರಿಗೆ ಮಿಲ್ಲು ಬಂದ ದಿನ ನಾನು ಮಿಲ್ಲಿಗೇ ಕೈ ಮುಗಿದಿದ್ದೆ.” ಮಗಳು ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ಹಳೆಯದೆಲ್ಲ ಚಿನ್ನ ಅನ್ನುವವರನ್ನು ಒಂದು ವಾರ ಬೀಸುಕಲ್ಲಿನ ಮುಂದೆ ಕೂರಿಸಬೇಕು ಅಂತ ನನಗೂ ಅನ್ನಿಸುವುದುಂಟು.

ದೊಡ್ಡ ಗುಡಾಣಗಳನ್ನು ನೋಡಿದ್ದೇ ಅವ್ವನಿಗೆ ಹಗೇವು ನೆನಪಾಯಿತು. ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾದ ಹಳ್ಳ. ಒಳಗೆಲ್ಲ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುವುದು. ಹುಳ ಹತ್ತದೆ ವರ್ಷಗಟ್ಟಲೆ ರಾಗಿ ಇರುತ್ತಿತ್ತು. ತೆಗೆಯುವ ದಿನ ಮಾತ್ರ ಯಾರೂ ಸೀದಾ ಇಳಿಯುವಂತಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗದಲ್ಲಿ ದೀಪ ಇಳಿಸುವುದು. ದೀಪ ಆರಿತು ಅಂದರೆ ಒಳಗೆ ಉಸಿರಾಡುವ ಗಾಳಿ ಇಲ್ಲ. ಆರದೆ ಉರಿದರೆ ಆಳು ಇಳಿಯಬಹುದು. ಮಗನ ಕಣ್ಣು ಅಗಲವಾದದ್ದು ಅಲ್ಲಿ. “ಆರಿದ್ರೂ ಇಳಿದ್ರೆ?” ಅಂತ ಮೂರು ಸಲ ಕೇಳಿದ. ಅವ್ವ ಮೂರು ಸಲವೂ ಉತ್ತರ ಹೇಳಲಿಲ್ಲ.

ಬೀಜ ಬಿತ್ತುವ ಕೂರಿಗೆ ಅರ್ಥವಾಗಿದ್ದು ಕೂರಿಗೆಯ ಮುಂದಲ್ಲ, ಹೊರಗೆ ಮರದ ನೆರಳಿನಲ್ಲಿ. ದಾರಿಯಲ್ಲಿ ಕುಡಿದ ಎಳನೀರಿನ ಸ್ಟ್ರಾಗಳನ್ನು ಮಗ ಜೇಬಿನಲ್ಲಿ ಇಟ್ಟುಕೊಂಡಿದ್ದ. ಅವ್ವ ಅವನ್ನು ಇಸಕೊಂಡು, ಮೇಲೆ ಒಟ್ಟಿಗೆ ಕೆಳಗೆ ಬಿಚ್ಚಿಕೊಂಡಂತೆ ಬೀಸಣಿಗೆಯ ಹಾಗೆ ಹಿಡಿದಳು. “ಇದು ಬಟ್ಟಲು, ಇವು ಬಿದಿರಿನ ಕೊಳವೆ. ಈಗ ಮಣ್ಣು ಬಿಡ್ಲಾ ಮಗ, ಸಣ್ಣುಕೆ.” ಅವನು ಸುರಿದ. ಒಂದರಲ್ಲಿ ಕಟ್ಟಿಕೊಂಡಿತು, ಇನ್ನೊಂದರಲ್ಲಿ ದಬದಬ ಬಿತ್ತು. “ನೋಡು, ಆ ಸಾಲಲ್ಲಿ ಪೈರಿಲ್ಲ, ಈ ಸಾಲಲ್ಲಿ ಒತ್ತಾಗೋಯ್ತು. ಊರೆಲ್ಲ ಮೂರು ತಿಂಗಳು ನಿನ್ನ ಹೊಲ ನೋಡಿ ನಗ್ತದೆ.” ಹನ್ನೆರಡು ತಾಳಿನ, ಅಂದರೆ ಒಟ್ಟಿಗೆ ಹನ್ನೆರಡು ಸಾಲು ಬಿತ್ತುವ ಕೂರಿಗೆಗೆ ಬೀಜ ಬಿಡುವವರ ಮುಷ್ಟಿ ಒಂದೇ ಹದದಲ್ಲಿ ತಿರುಗಬೇಕು, ಎತ್ತು ನಡೆಯುತ್ತಲೇ ಇರುತ್ತದೆ. ಹಿಂದೆ ಇನ್ನೊಬ್ಬರು ಸಡ್ಡೆ, ಅಂದರೆ ಕೂರಿಗೆಗೆ ಹಗ್ಗದಲ್ಲಿ ಕಟ್ಟಿದ ಒಂಟಿ ಕೊಳವೆ ಹಿಡಿದು, ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುವೆ ಬೇರೆ ಬೆಳೆ ಹಾಕುವ ಸಾಲಿಗೆ, ಅವರೆ ಬಿಡುತ್ತಾ ಬರಬೇಕು. ಅವ್ವ ಸಡ್ಡೆಯ ಹಿಂದೆ ನಡೆದವಳು. ನಲವತ್ತು ದಾಟಿದ ನನಗೆ ಅದು ಗೊತ್ತಾಗಿದ್ದು ಆವತ್ತೇ.

ಫೋನಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಿಕೊಂಡಿದ್ದೂ ಅಲ್ಲೇ, ರಾಗಿರೊಟ್ಟಿ ಹುಚ್ಚೆಳ್ಳು ಚಟ್ನಿ ತಿನ್ನುತ್ತಾ. ಮುಂಚೆ ಮನೆಯಲ್ಲಿ ಎರಡು ಸಲ ಪ್ರಯತ್ನಿಸಿದ್ದೆ. ಸೋಫಾದಲ್ಲಿ ಕೂರಿಸಿ “ಹೇಳವ್ವ” ಅಂದರೆ ಏನೂ ಹೊರಡುವುದಿಲ್ಲ. ವಸ್ತು ಕಣ್ಣಿಗೆ ಬಿದ್ದರೆ ನಿಲ್ಲಿಸುವುದೇ ಕಷ್ಟ.

ಆಯಗಾರರ ಮಾಳದಲ್ಲಿ ಎಣ್ಣೆಗಾಣ, ಕಬ್ಬಿನ ಆಲೆ, ಕಮ್ಮಾರನ ಕುಲುಮೆ, ಗಾಡಿಯ ಚಕ್ರಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಅಗಸ, ನೀರುಗಂಟಿ ಇವರಿಗೆಲ್ಲ ಕೂಲಿ ಅಂತ ಕಾಸಿಲ್ಲ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದು ಕೊಡುವ ಆಯ ಅಷ್ಟೇ. ಊರೆಲ್ಲ ಒಂದೇ ಕುಟುಂಬದ ಹಾಗೆ ಅಂತ ನಾನು ಶುರುಮಾಡಿದ್ದೆ. ಅವ್ವ ತಡೆದಳು. “ಕುಟುಂಬ ಏನಿಲ್ಲ ಕಣ್ಲಾ. ಕೆಲವರಿಗೆ ರಾಶಿಯಿಂದ ಅಳೆದು ಕೊಡೋರು. ಕಣದಾಚೆ ನಿಂತಿದ್ದೋರಿಗೆ ಗುಡಿಸಿದ ಮಣ್ಗಾಳು.” ಅದನ್ನು ಯಾವ ಚೀಟಿಯಲ್ಲೂ ನಾನು ಓದಿರಲಿಲ್ಲ. ಮಗಳು ಪೆನ್ಸಿಲ್ ಕೆಳಗಿಟ್ಟು “ಯಾಕೆ?” ಅಂದಳು. ಮಧ್ಯಾಹ್ನದ ಅರ್ಧ ಗಂಟೆ ಅದರಲ್ಲೇ ಹೋಯಿತು. ನನಗೆ ಬೇಸರವಿಲ್ಲ.

ತಪ್ಪೂ ಮಾಡಿದೆ. ಮಂಡಿನೋವಿನವಳನ್ನು ಕರೆದುಕೊಂಡು ಹೋಗಿ ಮಡಚುವ ಕುರ್ಚಿ ಮರೆತಿದ್ದೆ. ನಿಂತು ನಿಂತು ಎರಡು ಗಂಟೆಯ ಹೊತ್ತಿಗೆ ಅವ್ವ ಸಾಕಪ್ಪಾ ಅಂದಳು. ಮಗನಿಗೆ ಕುಂಬಾರನ ಚಕ್ರದಲ್ಲಿ ಕೈಯಾಡಿಸುವ ಆಸೆ ಇತ್ತು, ಅದನ್ನೂ ಬಿಟ್ಟು ಹೊರಟೆವು. ಚನ್ನಪಟ್ಟಣದ ಒಂದು ಬುಗುರಿ ಕೊಡಿಸಿ ಸಮಾಧಾನ ಮಾಡಬೇಕಾಯಿತು.

ಅವನ ನೋಟುಬುಕ್ಕಿನಲ್ಲಿ ನಾಲ್ಕು ಪುಟಕ್ಕೆ ಅಜ್ಜಿಯ ಮಾತಿದೆ. ಐದನೆಯದರಲ್ಲಿ ಉದ್ದನೆಯ ಒಂದು ಮರದ ಸಾಮಾನು, ನಡುವೆ ತೂತು. ಅವ್ವ ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, “ಇದು ನಮ್ಮ ಸೀಮೇದಲ್ಲ ಕಣ್ಲಾ” ಅಂದಿದ್ದಳು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾನೆ: ‘ಅಜ್ಜಿಗೂ ಗೊತ್ತಿಲ್ಲ.’ ಮನೆಗೆ ಬಂದವರಿಗೆಲ್ಲ ಮೊದಲು ತೋರಿಸುವುದು ಅದೇ ಪುಟವನ್ನು.